4 ರೂಪಾಯಿಯ 4,000 ಷೇರು ಇದೆ, ಮಾರೋಕೆ ಆಗುತ್ತಿಲ್ಲ. ಇನ್ನಷ್ಟು ಕೊಳ್ಳಲಾ, ಒಳ್ಳೆ ಕಂಪನಿ ಕಡೆ ಹೋಗಲಾ?

ಹೊಸಬ ತುಮಕೂರು
ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಪೀಣ್ಯದಲ್ಲಿ ಒಂದು ಸಿಎನ್‌ಸಿ ವರ್ಕ್‌ಶಾಪ್‌ನಲ್ಲಿ ಕೆಲಸ. ಎರಡು ವರ್ಷ ಓವರ್‌ಟೈಮ್ ಮಾಡಿ 60 ಸಾವಿರ ಕೂಡಿಸಿದ್ದೆ. ಷೇರು ಇಡುವ ಡಿಮ್ಯಾಟ್ ಖಾತೆ ತೆರೆದು ಮೂರು ತಿಂಗಳಾಯಿತು.

ನನ್ನ ರೂಮ್‌ಮೇಟ್ ಒಂದು ಟೆಲಿಗ್ರಾಂ ಗುಂಪಿನಲ್ಲಿದ್ದಾನೆ. ಅಲ್ಲಿ ಬಂದ ಹೆಸರು ನೋಡಿ 4.50ಕ್ಕೆ 4,000 ಷೇರು ಕೊಂಡೆ. 18 ಸಾವಿರ ಹೋಯಿತು. ಆಮೇಲೆ ಆರು ದಿನ ಸತತ ಅಪ್ಪರ್ ಸರ್ಕ್ಯೂಟ್, ಅಂದರೆ ಒಂದು ದಿನಕ್ಕೆ ಬೆಲೆ ಏರಲು ಬಿಡುವ ಕೊನೆಯ ಮಿತಿ ಮುಟ್ಟಿತು. 5.99 ತಲುಪಿತು. ಇನ್ನೂ ಏರುತ್ತದೆ ಅಂತ ಹಾಗೇ ಬಿಟ್ಟೆ. ಏಳನೇ ದಿನದಿಂದ ಲೋವರ್ ಸರ್ಕ್ಯೂಟ್, ಅಂದರೆ ದಿನಕ್ಕೆ ಇಳಿಯಲು ಬಿಡುವ ಕೊನೆಯ ಮಿತಿ. ಇವತ್ತಿಗೆ ಒಂಬತ್ತು ದಿನ. ಬೆಲೆ 3.80.

ದಿನಾ ಬೆಳಿಗ್ಗೆ ಶಿಫ್ಟ್‌ಗೆ ಹೋಗುವ ಮುಂಚೆ ಮಾರುವ ಆರ್ಡರ್ ಹಾಕುತ್ತೇನೆ. ಸಂಜೆ ನೋಡಿದರೆ ಕ್ಯಾನ್ಸಲ್ ಆಗಿರುತ್ತದೆ. ಆ್ಯಪ್‌ನಲ್ಲಿ ಕೊಳ್ಳುವವರ ಕಡೆ ಐದು ಸಾಲಿನಲ್ಲೂ ಸೊನ್ನೆ. ಮಾರುವವರ ಕಡೆ 86 ಲಕ್ಷ ಷೇರು ಕಾಯುತ್ತಿವೆ.

ಈಗ ಗುಂಪಿನವರು "ಕೆಳಗೆ ಬಂದಿದೆ, ಇನ್ನೊಂದಿಷ್ಟು ಕೊಂಡು ಕೊಂಡ ಬೆಲೆಯ ಸರಾಸರಿ ಇಳಿಸಿ, ಆವರೇಜ್ ಮಾಡಿ" ಅನ್ನುತ್ತಿದ್ದಾರೆ. ಮಾಡಲಾ? ಇನ್ನೊಂದು ಪ್ರಶ್ನೆ. ಉಳಿದ 42 ಸಾವಿರವನ್ನು ದೊಡ್ಡ ಕಂಪನಿಗೆ ಹಾಕೋಣ ಅಂದರೆ 1,500 ರೂಪಾಯಿಯ ಷೇರು ಬರೀ 28 ಬರುತ್ತವೆ. 28 ಷೇರಿನಿಂದ ಏನಾಗುತ್ತದೆ? ಬೈಯದೆ ಹೇಳಿ, ಪ್ಲೀಸ್.

ಮಲ್ನಾಡ್ ಗಿರಿ
ಆವರೇಜ್ ಮಾಡಬೇಡಿ. ಒಂದು ರೂಪಾಯಿನೂ ಹಾಕಬೇಡಿ.

ಗಾಂಧಿಬಜಾರ್
ಗುಂಪಿನವರು ನಿಮ್ಮನ್ನು ಕೊಳ್ಳಿ ಅನ್ನುವುದು ಏಕೆ ಗೊತ್ತಾ? ಅವರ ಷೇರು ಇನ್ನೂ ಉಳಿದಿದೆ. ಕೊಳ್ಳುವವರು ಬೇಕು. ಆ ಐದು ಸೊನ್ನೆಯ ಜಾಗದಲ್ಲಿ ನಿಮ್ಮ ಆರ್ಡರ್ ಬರಬೇಕು ಅಂತ ಕಾಯುತ್ತಿದ್ದಾರೆ. ಮೊದಲು ಆ ಗುಂಪಿನಿಂದ ಹೊರಗೆ ಬನ್ನಿ.

ಜೆ.ಸಿ. ರಸ್ತೆ ಹಳಬ
ತಮ್ಮಾ, ಬೈಯುವ ಮಾತೇ ಇಲ್ಲ. ನಾನು ಬೆಂಗಳೂರು ಷೇರು ವಿನಿಮಯ ಕೇಂದ್ರ ನಡೆಯುತ್ತಿದ್ದ ಕಾಲದಲ್ಲಿ ಒಬ್ಬ ಬ್ರೋಕರ್ ಹತ್ತಿರ ಗುಮಾಸ್ತನಾಗಿದ್ದವನು. 1963ರಲ್ಲಿ ಶುರುವಾದ ಆ ಕೇಂದ್ರ 2014ರಲ್ಲಿ ಮುಚ್ಚಿತು. ಆದರೆ ಈ ಆಟ ಮಾತ್ರ ಮುಚ್ಚಿಲ್ಲ. ಆಗ ಕಾಗದದ ಸರ್ಟಿಫಿಕೇಟ್, ಈಗ ಮೊಬೈಲ್. ಅಷ್ಟೇ ವ್ಯತ್ಯಾಸ.

ಆಟ ಹೀಗಿರುತ್ತದೆ. ವ್ಯವಹಾರವೇ ಇಲ್ಲದ ಒಂದು ಕಂಪನಿ ಹಿಡಿಯುತ್ತಾರೆ. ನಾಲ್ಕೈದು ಜನ ತಮ್ಮತಮ್ಮಲ್ಲೇ ಕೊಟ್ಟು ತಗೊಂಡು ಬೆಲೆ ಏರಿಸುತ್ತಾರೆ. ದಿನಾ ಸ್ವಲ್ಪವೇ ಷೇರು ಕೈ ಬದಲಾಯಿಸುತ್ತದೆ, ಬೆಲೆ ಮಾತ್ರ ಸರ್ಕ್ಯೂಟ್ ಮುಟ್ಟುತ್ತದೆ. ನೋಡುವವರಿಗೆ "ಸಿಗುತ್ತಲೇ ಇಲ್ಲವಲ್ಲ" ಅಂತ ಆಸೆ ಹುಟ್ಟುತ್ತದೆ. ಸಾವಿರಾರು ಜನ ಕೊಳ್ಳುವ ಸಾಲಿನಲ್ಲಿ ನಿಂತ ದಿನ ಅವರು ಮೂಟೆ ಬಿಚ್ಚುತ್ತಾರೆ. ಆ ಒಂದು ದಿನ ಎಲ್ಲರಿಗೂ ಷೇರು ಸಿಗುತ್ತದೆ. ಮರುದಿನದಿಂದ ಕೊಳ್ಳುವವರೇ ಇರುವುದಿಲ್ಲ.

ನಿನ್ನ ಷೇರಿನ ದಿನದಿನದ ವಹಿವಾಟು ತೆಗೆದು ನೋಡು. ನಾನು ಹೇಳಿದ್ದು ಸುಳ್ಳಾದರೆ ಇಲ್ಲೇ ಬರೆ.

ಹೊಸಬ ತುಮಕೂರು
ಸರ್, ಈಗಷ್ಟೇ ನೋಡಿದೆ. ಮೊದಲ ಐದು ದಿನ ದಿನಕ್ಕೆ 20–30 ಸಾವಿರ ಷೇರು ಅಷ್ಟೇ. ಆರನೇ ದಿನ 2 ಕೋಟಿ.

ಕೈ ತಣ್ಣಗಾಯಿತು ಸರ್.

ಹುಬ್ಬಳ್ಳಿ ಗೂಳಿ
ಎಲ್ಲರೂ ಸೇರಿ ಹುಡುಗನನ್ನು ಹೆದರಿಸಬೇಡಿ ರೀ. ಪೆನ್ನಿ ಷೇರು, ಅಂದರೆ ಕೆಲವೇ ರೂಪಾಯಿಯ ಷೇರು, ಎಲ್ಲವೂ ಮೋಸ ಅಲ್ಲ. ಟೈಟಾನ್ ಒಂದು ಕಾಲಕ್ಕೆ 3 ರೂಪಾಯಿ ಇತ್ತು. ಹೆಸರಾಂತ ಹೂಡಿಕೆದಾರ ರಾಕೇಶ್ ಜುಂಜುನ್‌ವಾಲಾ ಅದರಿಂದ ದೊಡ್ಡ ದುಡ್ಡು ಮಾಡಿದರು. ಸುಜ್ಲಾನ್ 2020ರಲ್ಲಿ 2 ರೂಪಾಯಿಗಿಂತ ಕೆಳಗಿತ್ತು, 2024ರಲ್ಲಿ 80 ದಾಟಿತು. ಸಣ್ಣ ದುಡ್ಡಿನವನು 1,500 ರೂಪಾಯಿ ಷೇರು ಕೊಂಡು ಶ್ರೀಮಂತ ಆಗುವುದು ಯಾವಾಗ? ನಾನು ಹನ್ನೊಂದು ಪೆನ್ನಿ ಷೇರು ಇಟ್ಟಿದ್ದೇನೆ. ಒಂದು ಮೂರು ಪಟ್ಟು ಕೊಟ್ಟಿದೆ.

ಲೆಕ್ಕಪತ್ರ ಮೈಸೂರು
ನಾನು ಸಿಎ. ಈ ಟೈಟಾನ್ ಮಾತು ವಾರಕ್ಕೊಮ್ಮೆಯಾದರೂ ಯಾರಾದರೂ ಹೇಳುತ್ತಾರೆ. ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಟೈಟಾನ್ ಷೇರು ಮಾರುಕಟ್ಟೆಯಲ್ಲಿ 3 ರೂಪಾಯಿಗೆ ಸಿಗುತ್ತಿರಲಿಲ್ಲ. 2011ರಲ್ಲಿ ಅವರು 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 1 ರೂಪಾಯಿಯ ಹತ್ತು ಷೇರು ಮಾಡಿದರು. ಅದರ ಜೊತೆಗೇ ಒಂದು ಷೇರಿಗೆ ಇನ್ನೊಂದು ಷೇರು ಬೋನಸ್ ಆಗಿ ಪುಕ್ಕಟೆ ಕೊಟ್ಟರು. ಅಂದರೆ ಹಳೆಯ ಒಂದು ಷೇರು ಇಪ್ಪತ್ತಾಯಿತು. ಇವತ್ತಿನ ಚಾರ್ಟ್ ಹಳೆಯ ಬೆಲೆಯನ್ನೆಲ್ಲ ಇಪ್ಪತ್ತರಿಂದ ಭಾಗಿಸಿ ತೋರಿಸುತ್ತದೆ. ಚಾರ್ಟ್‌ನ 3 ರೂಪಾಯಿ ಅಂದರೆ ಆ ದಿನ ಕೈಯಿಂದ ಕೊಟ್ಟದ್ದು ಸುಮಾರು 60 ರೂಪಾಯಿ.

ಬೆಲೆಗಿಂತ ಮುಖ್ಯ ಮಾತು ಇನ್ನೊಂದಿದೆ. ಆಗಲೂ ಟೈಟಾನ್‌ಗೆ ಹೊಸೂರಿನಲ್ಲಿ ಕಾರ್ಖಾನೆ ಇತ್ತು. ದೇಶದ ತುಂಬ ಅಂಗಡಿ ಇದ್ದವು. ಮದುವೆಗೆ ಟೈಟಾನ್ ವಾಚ್ ಕೊಡುವುದು ರೂಢಿಯಾಗಿತ್ತು. ತನಿಷ್ಕ್ ಶುರುವಾಗಿತ್ತು. ಹಿಂದೆ ಟಾಟಾದವರು ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಇದ್ದರು. ಕಷ್ಟದಲ್ಲಿದ್ದ ನಿಜವಾದ ಕಂಪನಿ ಅದು. ವ್ಯವಹಾರವಿಲ್ಲದ ಬರೀ ಹೆಸರನ್ನು ಅದರ ಪಕ್ಕ ನಿಲ್ಲಿಸಬೇಡಿ.

ಸುಜ್ಲಾನ್ ಮಾತೂ ಅರ್ಧ ಕಥೆ. 2008ರ ಆರಂಭದಲ್ಲಿ ಅದೇ ಷೇರು 400ರ ಮೇಲಿತ್ತು. ಆಗ ಕೊಂಡು ಕೂತವರು 80 ಆದಾಗಲೂ ನಷ್ಟದಲ್ಲೇ ಇದ್ದರು. 2ಕ್ಕೆ ಕೊಂಡವರ ಕಥೆ ಎಲ್ಲರೂ ಹೇಳುತ್ತಾರೆ. ಮೇಲೆ ಕೊಂಡವರು ಬಾಯಿ ಬಿಡುವುದಿಲ್ಲ.

ಹುಬ್ಬಳ್ಳಿ ಗೂಳಿ
ಟೈಟಾನ್ ಲೆಕ್ಕ ಒಪ್ಪಿದೆ ಮೇಡಂ, ಅದು ಗೊತ್ತಿರಲಿಲ್ಲ. ಆದರೆ ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಅನ್ನುವ ಕಂಪನಿ? 3.53 ಇದ್ದದ್ದು 2024ರ ಅಕ್ಟೋಬರ್‌ನಲ್ಲಿ ಒಂದೇ ದಿನ 2,36,250 ಆಯಿತು. ಅದು ಪೆನ್ನಿ ಅಲ್ವಾ?

ಲೆಕ್ಕಪತ್ರ ಮೈಸೂರು
ಅಲ್ಲ. ಎಲ್ಸಿಡ್ ಹತ್ತಿರ ಏಷ್ಯನ್ ಪೇಂಟ್ಸ್ ಷೇರುಗಳೇ ಸಾವಿರಾರು ಕೋಟಿಯಷ್ಟಿದ್ದವು. ಒಟ್ಟು ಷೇರು ಬರೀ 2 ಲಕ್ಷ. 3.53ಕ್ಕೆ ಮಾರುವ ಮೂರ್ಖರು ಯಾರೂ ಇರಲಿಲ್ಲ, ಅದಕ್ಕೇ ವರ್ಷಗಟ್ಟಲೆ ವಹಿವಾಟೇ ಇರಲಿಲ್ಲ. ನಿಜವಾದ ಬೆಲೆ ಕಂಡುಹಿಡಿಯಲೆಂದೇ ವಿಶೇಷ ಹರಾಜು ನಡೆಸಿದರು. ನಿಮಗಾಗಲಿ ನನಗಾಗಲಿ 3.53ಕ್ಕೆ ಅದು ಸಿಗುವ ಹಾಗೇ ಇರಲಿಲ್ಲ.

ಅಡಿಕೆ ಮಂಡಿ
ಷೇರಿನ ವಿಷಯ ನನಗೆ ಅಷ್ಟು ಗೊತ್ತಿಲ್ಲ, ಅಡಿಕೆ ಗೊತ್ತು. ಶಿವಮೊಗ್ಗ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆಬೇರೆ ರಾಶಿ ಹಾಕಿರುತ್ತಾರೆ. ಗೊರಬಲು ಕಡಿಮೆ ರೇಟಿಗೆ ಮೂಟೆಗಟ್ಟಲೆ ಸಿಗುತ್ತದೆ. ಜಾಸ್ತಿ ಮೂಟೆ ಬಂತು ಅಂತ ಅದನ್ನೇ ತುಂಬಿಕೊಂಡರೆ ನಾಳೆ ಸರಕಿನ ಬೆಲೆ ಕೊಡುತ್ತಾರಾ? ವ್ಯಾಪಾರಿ ಮೂಟೆ ಎಣಿಸುವುದಿಲ್ಲ. ಕೈಗೆ ತಗೊಂಡು ಒಡೆದು ನೋಡುತ್ತಾನೆ.

ಮಲ್ನಾಡ್ ಗಿರಿ
ಸರಿಯಾಗಿ ಹೇಳಿದಿರಿ. ಅಂದಹಾಗೆ ಈ ವರ್ಷ ಅಡಿಕೆಗೆ ಕೊಳೆ ರೋಗ ಹೇಗಿದೆ ನಿಮ್ಮ ಕಡೆ? ನಮ್ಮಲ್ಲಿ ಬೋರ್ಡೋ ಔಷಧಿ ಮೂರನೇ ಸಲ ಹೊಡೆಸಿದೆವು.

ಅಡಿಕೆ ಮಂಡಿ
ಮಳೆ ಬಿಡುವು ಕೊಟ್ಟರೆ ತಾನೇ. ಎರಡು ಸಲ ಆಗಿದೆ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಮಾತಾಡೋಣ.

ಲೆಕ್ಕಪತ್ರ ಮೈಸೂರು
ತುಮಕೂರಿನವರ ಎರಡನೇ ಪ್ರಶ್ನೆಗೆ ಅಡಿಕೆಯವರೇ ಉತ್ತರ ಕೊಟ್ಟರು. ನಾನು ಒಂದು ಲೆಕ್ಕ ಸೇರಿಸುತ್ತೇನೆ. 42 ಸಾವಿರಕ್ಕೆ 28 ಷೇರು ಬಂದರೂ, 10,000 ಷೇರು ಬಂದರೂ, ಶೇ 10 ಏರಿದರೆ ಸಿಗುವುದು ಅದೇ 4,200. ಷೇರಿನ ಎಣಿಕೆ ಲಾಭ ಕೊಡುವುದಿಲ್ಲ.

ಎಂಆರ್‌ಎಫ್ ಒಂದು ಷೇರು ಲಕ್ಷ ರೂಪಾಯಿ ದಾಟಿದ್ದು 2023ರ ಜೂನ್‌ನಲ್ಲಿ. ಎಲ್ಲರೂ "ಅಬ್ಬಾ ದುಬಾರಿ" ಅಂದರು. ಅವರ ಒಟ್ಟು ಷೇರು ಸುಮಾರು 42 ಲಕ್ಷ ಮಾತ್ರ. ವೊಡಾಫೋನ್ ಐಡಿಯಾ ಒಂದಂಕಿಯಲ್ಲಿ ಸಿಗುತ್ತಿದ್ದಾಗ ಎಲ್ಲರೂ "ಅಗ್ಗ" ಅಂದರು. 2025ರಲ್ಲಿ ಸರ್ಕಾರ ತನ್ನ ಬಾಕಿ ಹಣವನ್ನು ಷೇರಾಗಿ ಬದಲಾಯಿಸಿಕೊಂಡ ಮೇಲೆ ಅವರ ಒಟ್ಟು ಷೇರು 10,000 ಕೋಟಿ ದಾಟಿತು. 7 ರೂಪಾಯಿ ಅಂತ ಲೆಕ್ಕ ಹಾಕಿದರೂ ಇಡೀ ಕಂಪನಿಗೆ 70 ಸಾವಿರ ಕೋಟಿಗಿಂತ ಹೆಚ್ಚು. ಎಂಆರ್‌ಎಫ್ ಷೇರು 1.2 ಲಕ್ಷ ಅಂತ ಹಿಡಿದರೆ ಇಡೀ ಕಂಪನಿಗೆ 50 ಸಾವಿರ ಕೋಟಿ. ಈಗ ಹೇಳಿ, 7 ರೂಪಾಯಿಯದು ಅಗ್ಗವಾ?

ಹೊಸಬ ತುಮಕೂರು
ಮೇಡಂ, ಇದು ನನಗೆ ಯಾರೂ ಹೇಳಿರಲಿಲ್ಲ. ಹಾಗಾದರೆ ನನ್ನ ಕಂಪನಿಯದನ್ನೂ ಲೆಕ್ಕ ಹಾಕುತ್ತೇನೆ. ಎಲ್ಲಿ ನೋಡಬೇಕು?

ಲೆಕ್ಕಪತ್ರ ಮೈಸೂರು
ಬಿಎಸ್‌ಇ, ಅಂದರೆ ಮುಂಬೈ ಷೇರು ವಿನಿಮಯ ಕೇಂದ್ರದ ವೆಬ್‌ಸೈಟ್‌ನಲ್ಲಿ ಕಂಪನಿ ಹೆಸರು ಹಾಕಿ. ಹಣಕಾಸು ಫಲಿತಾಂಶ ಮತ್ತು ಷೇರುದಾರರ ಪಟ್ಟಿ ಎರಡೂ ಮೂರು ತಿಂಗಳಿಗೊಮ್ಮೆ ಬರುತ್ತವೆ. ಮಾರಾಟ ಎಷ್ಟು, ಸಾಲ ಎಷ್ಟು, ಪ್ರಮೋಟರ್‌ಗಳ (ಕಂಪನಿ ನಡೆಸುವ ಮಾಲೀಕರ) ಪಾಲು ಏರಿದೆಯಾ ಇಳಿದಿದೆಯಾ, ಅವರ ಷೇರು ಅಡವಿಟ್ಟಿದ್ದಾರಾ, ಇಷ್ಟು ನೋಡಿ. ಕಂಪನಿ ಹೆಸರು ಬದಲಾಗಿದೆಯಾ ಅಂತಲೂ ನೋಡಿ.

ಕಡಲತೀರ
ನಮ್ಮ ಮಂಗಳೂರು ಕಡೆ ಷೇರು ಅಂದರೆ ಬ್ಯಾಂಕ್ ಷೇರು. ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ ಇಲ್ಲೇ ಹುಟ್ಟಿದವು. ನಮ್ಮ ಅಜ್ಜಿಗೆ ವರ್ಷಕ್ಕೊಮ್ಮೆ ಡಿವಿಡೆಂಡ್ ವಾರಂಟ್, ಅಂದರೆ ಲಾಭದ ಪಾಲಿನ ಚೆಕ್ಕು, ಅಂಚೆಯಲ್ಲಿ ಬರುತ್ತಿತ್ತು. ಅದನ್ನು ದೇವರ ಮುಂದೆ ಇಟ್ಟು, ಮರುದಿನ ಬ್ಯಾಂಕಿಗೆ ನಡೆದು ಹೋಗಿ ಕಟ್ಟುತ್ತಿದ್ದರು. ಬೆಲೆ ಎಷ್ಟಿದೆ ಅಂತ ಕೇಳಿದ್ದು ನಾನು ಕಂಡಿಲ್ಲ. "ಈ ವರ್ಷ ಲಾಭ ಎಷ್ಟಂತೆ?" ಅಂತ ಮ್ಯಾನೇಜರ್ ಹತ್ತಿರ ಕೇಳುತ್ತಿದ್ದರು. ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು.

ಹಾಸನ 79
ಇವರೆಲ್ಲ "ದೊಡ್ಡ ಕಂಪನಿ ಭದ್ರ" ಅನ್ನುತ್ತಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಐಟಿ ಕಂಪನಿ ಸತ್ಯಂ, ದೊಡ್ಡ ಕಂಪನಿಗಳ ಸೂಚ್ಯಂಕಗಳಾದ ನಿಫ್ಟಿಯಲ್ಲೂ ಇತ್ತು, ಸೆನ್ಸೆಕ್ಸ್‌ನಲ್ಲೂ ಇತ್ತು. 2009ರ ಜನವರಿ 7ರಂದು ಅಧ್ಯಕ್ಷರೇ ಲೆಕ್ಕ ಸುಳ್ಳು ಅಂತ ಪತ್ರ ಬರೆದರು. ಆ ಒಂದೇ ದಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬಿತ್ತು. ಯೆಸ್ ಬ್ಯಾಂಕ್ 2018ರಲ್ಲಿ 400ರ ಹತ್ತಿರ. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಅದೂ ಆವರೆಗೆ ನಿಫ್ಟಿಯಲ್ಲೇ ಇತ್ತು. ಗೃಹ ಸಾಲ ಕೊಡುವ ಡಿಎಚ್‌ಎಫ್‌ಎಲ್‌ಗೆ ಅತಿ ಭದ್ರ ಅನ್ನುವ ಎಎಎ ರೇಟಿಂಗ್ ಇತ್ತು. 2021ರಲ್ಲಿ ಷೇರುದಾರರ ಕೈಗೆ ಬಂದದ್ದು ಸೊನ್ನೆ. ಅದಕ್ಕೆ ಏನು ಹೇಳುತ್ತೀರಿ?

ಜೆ.ಸಿ. ರಸ್ತೆ ಹಳಬ
ನೀವು ಹೇಳಿದ್ದು ಅಕ್ಷರಶಃ ನಿಜ. ನಮ್ಮ ಬೆಂಗಳೂರಿನ ಕಿಂಗ್‌ಫಿಶರ್ ಏರ್‌ಲೈನ್ಸ್ ಕೂಡ ಹಾಗೇ. 2012ರ ಅಕ್ಟೋಬರ್‌ನಲ್ಲಿ ವಿಮಾನ ಹಾರಾಟ ನಿಂತಿತು. ನಿಂತ ಮೇಲೂ ಜನ "ಹತ್ತು ರೂಪಾಯಿಗೆ ವಿಮಾನ ಕಂಪನಿ" ಅಂತ ಕೊಂಡರು.

ಆದರೆ ಒಂದು ವ್ಯತ್ಯಾಸ ಗಮನಿಸಿ. ಈ ಕಂಪನಿಗಳು ಬೀಳುವಾಗ ಹೆಚ್ಚಿನ ದಿನ ಕೊಳ್ಳುವವರು ಇದ್ದರು. 400ರ ಯೆಸ್ ಬ್ಯಾಂಕ್ 300 ಆದಾಗ, 200 ಆದಾಗ, 100 ಆದಾಗ, ಬೇಡ ಅಂದವರಿಗೆ ಹೊರಗೆ ಬರುವ ಬಾಗಿಲು ತೆರೆದೇ ಇತ್ತು. ಈ ಹುಡುಗನಿಗೆ ಒಂಬತ್ತು ದಿನದಿಂದ ಬಾಗಿಲೇ ಇಲ್ಲ. ಹೊಸಬರಿಗೆ ನಾನು ಮೊದಲು ಹೇಳುವುದೇ ಇದು. ಮಾರಬೇಕು ಅಂದ ದಿನ ಮಾರಲು ಆಗುವ ಷೇರು ಮಾತ್ರ ಕೊಳ್ಳಿ.

ಲೆಕ್ಕಪತ್ರ ಮೈಸೂರು
ಹಾಸನದವರ ಮಾತಿಗೆ ಇನ್ನೊಂದು. ಗಟ್ಟಿ ಕಂಪನಿ ಅಂದರೆ ದೊಡ್ಡದು ಅಂತ ಅರ್ಥ ಅಲ್ಲ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಲೆಕ್ಕದಲ್ಲಿ ಮಾರುಕಟ್ಟೆ ಮೌಲ್ಯದ ಮೊದಲ 100 ಕಂಪನಿ ಲಾರ್ಜ್ ಕ್ಯಾಪ್, ಮುಂದಿನ 150 ಮಿಡ್, 251ರಿಂದ ಆಚೆ ಎಲ್ಲ ಸ್ಮಾಲ್. ಅದು ಗಾತ್ರದ ಲೆಕ್ಕ ಅಷ್ಟೇ. ಗಟ್ಟಿ ಅಂದರೆ ವರ್ಷವರ್ಷ ಮಾಲು ಮಾರುತ್ತಿರಬೇಕು, ತೋರಿಸಿದ ಲಾಭ ನಗದಾಗಿ ಕೈಗೆ ಬಂದಿರಬೇಕು, ಸಾಲ ಹಿಡಿತದಲ್ಲಿರಬೇಕು, ನಡೆಸುವವರು ತಮ್ಮ ಪಾಲು ಮಾರಿಕೊಂಡು ಓಡುತ್ತಿರಬಾರದು. ಆಡಿಟರ್ ನಡುವೆ ರಾಜೀನಾಮೆ ಕೊಟ್ಟು ಹೋದರೆ ನಾನು ಆ ಕಂಪನಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಇಷ್ಟೆಲ್ಲ ನೋಡಿಯೂ ತಪ್ಪಬಹುದು. ಅದಕ್ಕೇ ಒಂದೇ ಕಂಪನಿಗೆ ಎಲ್ಲ ಹಾಕಬಾರದು. ಅವರು ಹೇಳಿದ ಮೂರೂ ಕಥೆಯಲ್ಲಿ ಹಾಳಾದವರು ಎಲ್ಲ ದುಡ್ಡು ಅಲ್ಲೇ ಇಟ್ಟವರು.

ಹಾಸನ 79
ಇದಾದರೆ ಒಪ್ಪುತ್ತೇನೆ. ನನ್ನ ಮಾವ ನಿವೃತ್ತಿ ಹಣದ ಅರ್ಧ ಒಂದೇ ಬ್ಯಾಂಕ್ ಷೇರಿಗೆ ಹಾಕಿದ್ದರು. ಆ ನೋವು ಇನ್ನೂ ಇದೆ, ಅದಕ್ಕೆ ಜೋರಾಗಿ ಬರೆದೆ.

ನ್ಯೂಜೆರ್ಸಿ ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಸಾಮಾನ್ಯವಾಗಿ 5 ಡಾಲರ್‌ಗಿಂತ ಕೆಳಗಿನದನ್ನು ಪೆನ್ನಿ ಸ್ಟಾಕ್ ಅನ್ನುತ್ತಾರೆ. ದೊಡ್ಡ ಎಕ್ಸ್‌ಚೇಂಜ್‌ನಲ್ಲಿ ಇಲ್ಲದ ಇಂಥ ಷೇರು ಮಾರುವ ಬ್ರೋಕರ್, ಗ್ರಾಹಕರಿಗೆ ಅಪಾಯದ ವಿವರ ಕಾಗದದಲ್ಲಿ ಕೊಡಬೇಕು. ಅಲ್ಲಿ ಅಂಥದ್ದೇನೂ ಇಲ್ಲವಾ?

ಗಾಂಧಿಬಜಾರ್
ಇದೆ. ಎಕ್ಸ್‌ಚೇಂಜ್‌ನವರು ಅನುಮಾನದ ಷೇರುಗಳನ್ನು ಎಎಸ್‌ಎಂ, ಜಿಎಸ್‌ಎಂ ಅಂತ ನಿಗಾ ಪಟ್ಟಿಗೆ ಹಾಕುತ್ತಾರೆ. 2023ರಿಂದ ಸಣ್ಣ ಕಂಪನಿಗಳಿಗೆ ಇಎಸ್‌ಎಂ ಅಂತಲೂ ಇದೆ. ಕೊಳ್ಳುವಾಗ ಆ್ಯಪ್‌ನಲ್ಲಿ ಎಚ್ಚರಿಕೆ ಬರುತ್ತದೆ. ಟ್ರೇಡ್ ಟು ಟ್ರೇಡ್ ಅನ್ನುವ ವಿಭಾಗಕ್ಕೆ ಹಾಕಿದರೆ ಅದೇ ದಿನ ಕೊಂಡು ಮಾರುವ ಹಾಗಿಲ್ಲ.

ಹೊಸಬ ತುಮಕೂರು
ನನಗೂ ಬಂದಿತ್ತು. ಹಳದಿ ಬಣ್ಣದ ಚೌಕದಲ್ಲಿ ಇಂಗ್ಲಿಷ್‌ನಲ್ಲಿ ಏನೋ ನಾಲ್ಕು ಸಾಲು. ಬೆಲೆ ಏರಿಬಿಡುತ್ತದೆ ಅನ್ನುವ ಅವಸರದಲ್ಲಿ ಓದದೆ ಒತ್ತಿದೆ.

ಮನೆಲೆಕ್ಕ ಸುಮ
ತಮ್ಮಾ, ನಿನ್ನ ಹಾಗೆ ನಾನೂ ಒತ್ತಿದ್ದೆ. ಬ್ಲೌಸ್ ಹೊಲಿದು ಉಳಿಸಿದ 35 ಸಾವಿರ. ಯೂಟ್ಯೂಬ್‌ನಲ್ಲಿ ಒಬ್ಬರು "ಈ ಕಂಪನಿಯನ್ನು ದೊಡ್ಡ ಗುಂಪು ಕೊಳ್ಳುತ್ತದೆ" ಅಂದರು. ನಂಬಿದೆ. 35 ಸಾವಿರ 9 ಸಾವಿರ ಆಗುವವರೆಗೆ ಮನೆಯಲ್ಲಿ ಹೇಳಲಿಲ್ಲ. ಹೇಳದೆ ಇದ್ದದ್ದೇ ನನಗೆ ಜಾಸ್ತಿ ಕಷ್ಟ ಆದದ್ದು. ಹೇಳಿದ ಮೇಲೆ ಯಜಮಾನರು ಒಂದು ಮಾತೂ ಅನ್ನಲಿಲ್ಲ. ಇಬ್ಬರೂ ಕೂತು ಲೆಕ್ಕ ಬರೆದೆವು. ನೀನೂ ಮನೆಯಲ್ಲಿ ಯಾರಿಗಾದರೂ ಹೇಳು.

ಗಾಂಧಿಬಜಾರ್
ಅಕ್ಕಾ, ನೀವು ಹೇಳಿದ ರೀತಿಯದೇ ಒಂದು ಪ್ರಕರಣದಲ್ಲಿ ಸೆಬಿ 2023ರ ಮಾರ್ಚ್‌ನಲ್ಲಿ ಆದೇಶ ಮಾಡಿತು. ಸಾಧನಾ ಬ್ರಾಡ್‌ಕಾಸ್ಟ್ ಷೇರಿನದು. 2022ರ ಜುಲೈನಲ್ಲಿ ಎರಡು ಯೂಟ್ಯೂಬ್ ಚಾನೆಲ್‌ಗಳಲ್ಲಿ ಅದಾನಿ ಗುಂಪು ಕೊಳ್ಳುತ್ತದೆ ಅಂತ ಸುಳ್ಳು ವಿಡಿಯೊ ಹಾಕಿದ್ದರು. ದುಡ್ಡು ಕೊಟ್ಟು ಜಾಹೀರಾತು ಮಾಡಿ ಅದನ್ನು ಜನರಿಗೆ ತಲುಪಿಸಿದ್ದರು. ಜನ ಮುಗಿಬಿದ್ದು ಕೊಳ್ಳುವಾಗ ಒಳಗಿನವರು ಮಾರಿಕೊಂಡರು. ಆದೇಶ ಬರುವ ಹೊತ್ತಿಗೆ ಸಾವಿರಾರು ಜನರ ದುಡ್ಡು ಅಲ್ಲಿ ಸಿಕ್ಕಿಕೊಂಡಿತ್ತು.

ಸಲಹೆ ಕೊಡುವವರ ಸೆಬಿ ನೋಂದಣಿ ಸಂಖ್ಯೆ ಕೇಳಿ. ಸಲಹೆಗಾರರದ್ದು ಐಎನ್‌ಎ, ಸಂಶೋಧನಾ ವಿಶ್ಲೇಷಕರದ್ದು ಐಎನ್‌ಎಚ್ ಅಂತ ಶುರುವಾಗುತ್ತದೆ. ಸೆಬಿ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿದರೆ ಅಸಲಿಯಾ ಗೊತ್ತಾಗುತ್ತದೆ.

ತೇಗದಮರ
ಇದೇನು ಹೊಸದಲ್ಲ. 90ರ ದಶಕದಲ್ಲಿ ತೇಗದ ಗಿಡದ ಕಂಪನಿಗಳು ಇದ್ದವಲ್ಲ, ನೆನಪಿದೆಯಾ? ಸಾವಿರ ಕಟ್ಟಿ, ಇಪ್ಪತ್ತು ವರ್ಷಕ್ಕೆ ಲಕ್ಷ ತಗೊಳ್ಳಿ. ನಮ್ಮಪ್ಪ ಮೂರು ಗಿಡ ತಗೊಂಡಿದ್ದರು. ನನ್ನ ಹೆಸರಲ್ಲಿ ಒಂದು, ತಂಗಿಯರ ಹೆಸರಲ್ಲಿ ಎರಡು. ಬಣ್ಣದ ಸರ್ಟಿಫಿಕೇಟ್ ಇನ್ನೂ ಬೀರುವಿನಲ್ಲಿದೆ. ಗಿಡ ಎಲ್ಲಿದೆ ಅಂತ ಯಾರೂ ತೋರಿಸಲಿಲ್ಲ.

ಜೆ.ಸಿ. ರಸ್ತೆ ಹಳಬ
ಹೌದು, ಅದೇ ಕಾಲದಲ್ಲಿ ಐಪಿಒ ಮಾಡಿ, ಅಂದರೆ ಜನರಿಗೆ ಮೊದಲ ಸಲ ಷೇರು ಮಾರಿ, ವಿಳಾಸವೇ ಇಲ್ಲದೆ ಮಾಯವಾದ ಕಂಪನಿಗಳೂ ತುಂಬ. ಸರ್ಕಾರವೇ "ಕಾಣೆಯಾದ ಕಂಪನಿ"ಗಳ ಪಟ್ಟಿ ಮಾಡಿತ್ತು. ಆದರೆ ಅದೇ 1993ರಲ್ಲಿ ಇನ್ಫೊಸಿಸ್ 95 ರೂಪಾಯಿಗೆ ಷೇರು ಕೊಟ್ಟಾಗ ಪೂರ್ತಿ ಅರ್ಜಿ ಬರಲಿಲ್ಲ. ನಮ್ಮ ಬ್ರೋಕರ್ ಫಾರಂ ಕಟ್ಟು ತಂದು ಮೇಜಿನ ಮೇಲೆ ಇಟ್ಟಿದ್ದರು. 95 ಜಾಸ್ತಿಯಾಯಿತು, 10 ರೂಪಾಯಿಯದು ಇದೆಯಾ ಅಂತ ಗಿರಾಕಿಗಳು ಕೇಳುತ್ತಿದ್ದರು. ಆ 10 ರೂಪಾಯಿಯವುಗಳಲ್ಲಿ ಇವತ್ತು ಎಷ್ಟು ಉಳಿದಿವೆ ಅಂತ ಕೇಳಿದರೆ ನನ್ನ ನೆನಪಿಗೆ ಒಂದೂ ಬರುವುದಿಲ್ಲ.

ಜಾಕಿ ಬನಿಯನ್ ಮಾಡುವ ಪೇಜ್ ಇಂಡಸ್ಟ್ರೀಸ್ ಕೂಡ ಬೆಂಗಳೂರಿನದೇ. 2007ರಲ್ಲಿ 360ಕ್ಕೆ ಬಂದಾಗ ಇದೇ ಮಾತು ಕೇಳಿದೆ. ಇವತ್ತು ಅದರ ಬೆಲೆ ಐದಂಕಿ. ಬನಿಯನ್ ಅಂಗಡಿಯಲ್ಲಿ ನೇತಾಡುತ್ತಿತ್ತು, ಎಲ್ಲರೂ ಹಾಕಿಕೊಳ್ಳುತ್ತಿದ್ದರು. ಷೇರು ಮಾತ್ರ ದುಬಾರಿ ಅನ್ನಿಸಿತು.

ಸಿಪ್ ಸಾಕು
ಹೊಸಬರು ಷೇರೇ ಆರಿಸಬೇಡಿ. ನಿಫ್ಟಿ ಇಂಡೆಕ್ಸ್ ಫಂಡ್‌ಗೆ ತಿಂಗಳಿಗೆ ಇಷ್ಟು ಅಂತ ಹಾಕಿ, ಕೆಲಸ ನೋಡಿಕೊಳ್ಳಿ. 50 ಕಂಪನಿ ಒಂದೇ ಸಲ ಸಿಗುತ್ತವೆ. ಒಂದು ಕೆಟ್ಟರೆ ಅದನ್ನು ತೆಗೆದು ಬೇರೆ ಹಾಕುತ್ತಾರೆ.

ಹಾಸನ 79
ಇದೂ ಬೀಳುತ್ತದೆ ಅಂತ ಹೇಳಿಬಿಡಿ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,934 ಅಂಶ ಬಿತ್ತು. ಶೇ 13. ಮನೆ ಬಾಡಿಗೆಯ ದುಡ್ಡು ಅಲ್ಲಿಟ್ಟವರು ಅವತ್ತು ಕೆಳಗಿನ ಬೆಲೆಗೇ ಮಾರಬೇಕಾಯಿತು.

ಸಿಪ್ ಸಾಕು
ನಿಜ. ಐದಾರು ವರ್ಷ ಬೇಡದ ದುಡ್ಡು ಮಾತ್ರ. ಅದಕ್ಕೂ ಮೊದಲು ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇರಲಿ.

ಹೊಸಬ ತುಮಕೂರು
ಭಾನುವಾರ ಇಡೀ ದಿನ ಕೂತು ಮೇಡಂ ಹೇಳಿದ್ದೆಲ್ಲ ತೆಗೆದು ನೋಡಿದೆ.

ಕಂಪನಿ ಎರಡು ವರ್ಷದ ಹಿಂದೆ ಬಟ್ಟೆ ವ್ಯಾಪಾರದ ಹೆಸರಿನಲ್ಲಿತ್ತು. ಈಗ ಸೋಲಾರ್ ಹೆಸರು ಇಟ್ಟುಕೊಂಡಿದೆ. ಕಳೆದ ಇಡೀ ವರ್ಷದ ಮಾರಾಟ 38 ಲಕ್ಷ. ನಾನು ಕೆಲಸ ಮಾಡುವ ವರ್ಕ್‌ಶಾಪ್‌ನಲ್ಲಿ ಹನ್ನೆರಡು ಜನ ಇದ್ದೇವೆ, ನಾವು ಎರಡು ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಬಿಲ್ ಮಾಡುತ್ತೇವೆ. ಒಟ್ಟು ಷೇರು 60 ಕೋಟಿ. 5.99 ಇದ್ದಾಗ ಇಡೀ ಕಂಪನಿಗೆ 359 ಕೋಟಿ ಬೆಲೆ ಕಟ್ಟಿದ್ದೆವು ಅಂತಾಯಿತು.

ಷೇರುದಾರರ ಪಟ್ಟಿ ನೋಡಿದೆ. ಒಂದು ವರ್ಷದ ಹಿಂದೆ ಪ್ರಮೋಟರ್‌ಗಳ ಪಾಲು ಶೇ 41. ಆಮೇಲೆ 33, 21, ಈಗ 9. ಷೇರುದಾರರು 6 ಸಾವಿರ ಇದ್ದವರು 71 ಸಾವಿರ ಆಗಿದ್ದಾರೆ. ಅವರು ಮಾರುತ್ತಾ ಹೋದದ್ದನ್ನು ನಮ್ಮಂಥವರು ಕೊಳ್ಳುತ್ತಾ ಹೋಗಿದ್ದೇವೆ. ಆ 71 ಸಾವಿರದಲ್ಲಿ ಎಷ್ಟು ಜನ ಓವರ್‌ಟೈಮ್ ದುಡ್ಡು ಹಾಕಿದ್ದಾರೋ ಅನ್ನಿಸಿತು.

ಜೆ.ಸಿ. ರಸ್ತೆ ಹಳಬ
ತಮ್ಮಾ, ಇಷ್ಟು ನೋಡುವುದನ್ನು ಕಲಿತೆಯಲ್ಲ, ಮನಸ್ಸಿಗೆ ಸಂತೋಷ ಆಯಿತು. ಸರ್ಕ್ಯೂಟ್ ತೆರೆದ ದಿನ ಬೆಲೆ ನೋಡದೆ ಮಾರಿಬಿಡು. "ಕೊಂಡ ಬೆಲೆ ಬರಲಿ" ಅಂತ ಕಾಯಬೇಡ. ನೀನು 4.50 ಕೊಟ್ಟದ್ದು ಆ ಷೇರಿಗೆ ಗೊತ್ತಿಲ್ಲ.

ಹುಬ್ಬಳ್ಳಿ ಗೂಳಿ
ಮೇಡಂ, ಈ ಹುಡುಗ ಬರೆದದ್ದು ಓದಿ ನಾನೂ ನನ್ನ ಹನ್ನೊಂದೂ ಷೇರಿನ ಲೆಕ್ಕ ಹಾಕಿದೆ. ಇಲ್ಲಿಯವರೆಗೆ ಆ ಮೂರು ಪಟ್ಟು ಆದದ್ದನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ. ಹಾಕಿದ್ದು 1.40 ಲಕ್ಷ. ಈಗ ಇರುವುದು 96 ಸಾವಿರ. ಅದರಲ್ಲಿ ಎರಡಕ್ಕೆ ವಹಿವಾಟೇ ನಿಂತಿದೆ. ನಾಲ್ಕು ವರ್ಷ ಆಗಿದೆ. ಠೇವಣಿ ಇಟ್ಟಿದ್ದರೂ ಇದಕ್ಕಿಂತ ಜಾಸ್ತಿ ಇರುತ್ತಿತ್ತು.

ಆದರೂ ಸಣ್ಣ ಕಂಪನಿ ಪೂರ್ತಿ ಬಿಡಿ ಅಂದರೆ ಒಪ್ಪುವುದಿಲ್ಲ. ಕಾರ್ಖಾನೆ ಇರುವ, ಲಾಭ ಮಾಡುವ ಸಣ್ಣ ಕಂಪನಿ ಬೇರೆ. ಅದನ್ನು ಹುಡುಕುತ್ತೇನೆ. 2 ರೂಪಾಯಿ, 3 ರೂಪಾಯಿ ಅಂತ ಹುಡುಕುವುದು ಬಿಟ್ಟೆ.

ಲೆಕ್ಕಪತ್ರ ಮೈಸೂರು
ಇದಕ್ಕೆ ನನ್ನ ತಕರಾರು ಏನೂ ಇಲ್ಲ ಸರ್. ಲೆಕ್ಕ ಇದ್ದದ್ದು ಇದ್ದ ಹಾಗೆ ಬರೆದಿರಿ, ಅದು ದೊಡ್ಡದು.

ಮನೆಲೆಕ್ಕ ಸುಮ
ನನಗೊಂದು ಸಣ್ಣ ಪ್ರಶ್ನೆ. ಮಾರಿದಾಗಲೆಲ್ಲ 15 ರೂಪಾಯಿ ಚಿಲ್ಲರೆ ಕಟ್ ಆಗುತ್ತದೆ, ಅದು ಯಾವುದು? 300 ರೂಪಾಯಿಯ ಷೇರು ಮಾರಿದರೂ ಅಷ್ಟೇ, 30 ಸಾವಿರದ್ದಾದರೂ ಅಷ್ಟೇ.

ಗಾಂಧಿಬಜಾರ್
ಡಿಪಿ ಚಾರ್ಜ್ ಅಕ್ಕಾ, ಡಿಮ್ಯಾಟ್ ಖಾತೆಯಿಂದ ಷೇರು ತೆಗೆದು ಕೊಡುವ ಶುಲ್ಕ. ಒಂದು ಕಂಪನಿಯ ಷೇರು ಒಂದು ದಿನ ಮಾರಿದರೆ ಒಂದು ಸಲ. ಎಷ್ಟು ಷೇರು ಅನ್ನುವುದು ಲೆಕ್ಕಕ್ಕಿಲ್ಲ. ಅದಕ್ಕೇ ಚೂರುಚೂರು ಮಾರಬೇಡಿ. ಇನ್ನೊಂದು ವಿಷಯ. ನಿಮ್ಮ ಖಾತೆ ಬಿಎಸ್‌ಡಿಎ, ಅಂದರೆ ಸಣ್ಣ ಹೂಡಿಕೆದಾರರ ಡಿಮ್ಯಾಟ್ ಖಾತೆ, ಆಗಿದೆಯಾ ಅಂತ ಬ್ರೋಕರ್ ಹತ್ತಿರ ಕೇಳಿ. 2024ರ ಸೆಪ್ಟೆಂಬರ್‌ನಿಂದ 4 ಲಕ್ಷದವರೆಗಿನ ಷೇರಿಗೆ ವಾರ್ಷಿಕ ನಿರ್ವಹಣಾ ಶುಲ್ಕ ಇಲ್ಲ.

ಮನೆಲೆಕ್ಕ ಸುಮ
ಕೇಳುತ್ತೇನೆ, ಥ್ಯಾಂಕ್ಸ್.

ಹೊಸಬ ತುಮಕೂರು
ಎಲ್ಲರಿಗೂ ಒಂದು ಅಪ್‌ಡೇಟ್. ಇನ್ನೂ ನಾಲ್ಕು ಲೋವರ್ ಸರ್ಕ್ಯೂಟ್ ಆಯಿತು. ಐದನೇ ದಿನ 2.95ಕ್ಕೆ ಸ್ವಲ್ಪ ಹೊತ್ತು ಕೊಳ್ಳುವವರು ಬಂದರು. 2,600 ಷೇರು ಹೋದವು. ಉಳಿದ 1,400 ಮರುದಿನ 2.81ಕ್ಕೆ ಹೋದವು. ಒಟ್ಟು ಬಂದದ್ದು 11,604. ನಷ್ಟ 6,396. ಎರಡು ದಿನ ಆದ ಕಾರಣ ಡಿಪಿ ಚಾರ್ಜ್ ಎರಡು ಸಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಉಳಿದ 42 ಸಾವಿರದಲ್ಲಿ 25 ಸಾವಿರ ಬ್ಯಾಂಕಿನಲ್ಲೇ ಬಿಟ್ಟಿದ್ದೇನೆ. ಮಿಕ್ಕಿದ್ದರಲ್ಲಿ ಇಂಡೆಕ್ಸ್ ಫಂಡ್‌ಗೆ ತಿಂಗಳಿಗೆ 3 ಸಾವಿರ ಶುರು ಮಾಡಿದೆ. ನಮ್ಮ ವರ್ಕ್‌ಶಾಪ್‌ಗೆ ಬೇರಿಂಗ್, ಟೂಲ್ ಕೊಡುವ ಎರಡು ದೊಡ್ಡ ಕಂಪನಿಗಳ ಐದು ವರ್ಷದ ಲೆಕ್ಕ ಇಳಿಸಿಕೊಂಡು ಓದುತ್ತಿದ್ದೇನೆ. ಅವರ ಮಾಲು ದಿನಾ ಕೈಯಲ್ಲಿ ಹಿಡಿಯುತ್ತೇನೆ, ಹಾಗಾಗಿ ಅರ್ಥ ಆಗುತ್ತದೆ. ಇನ್ನೂ ಕೊಂಡಿಲ್ಲ.

ಲೆಕ್ಕಪತ್ರ ಮೈಸೂರು
ಆ 6,396ನ್ನು ವ್ಯರ್ಥ ಮಾಡಬೇಡಿ. ಆದಾಯ ತೆರಿಗೆಯ ಐಟಿಆರ್ 2 ಅರ್ಜಿಯಲ್ಲಿ ಅಲ್ಪಾವಧಿ ನಷ್ಟ ಅಂತ ತೋರಿಸಿ. ಕೊನೆಯ ದಿನಾಂಕದೊಳಗೆ ಸಲ್ಲಿಸಿದರೆ ಮಾತ್ರ ಮುಂದಿನ ಎಂಟು ವರ್ಷದ ಷೇರು ಲಾಭದಲ್ಲಿ ಅದನ್ನು ಕಳೆಯಬಹುದು. ಬ್ರೋಕರ್ ಕಳಿಸುವ ವಹಿವಾಟಿನ ಚೀಟಿ, ಕಾಂಟ್ರ್ಯಾಕ್ಟ್ ನೋಟ್, ಎರಡನ್ನೂ ಇಟ್ಟುಕೊಳ್ಳಿ.

ಹೊಸಬ ತುಮಕೂರು
ಆಯಿತು ಮೇಡಂ, ಮೇಲ್‌ನಿಂದ ಇಳಿಸಿ ಇಟ್ಟಿದ್ದೇನೆ.

ಮಲ್ನಾಡ್ ಗಿರಿ
ನಿಮ್ಮ ರೂಮ್‌ಮೇಟ್ ಏನು ಮಾಡಿದರು?

ಹೊಸಬ ತುಮಕೂರು
ಅವನ ಹತ್ತಿರ ಇನ್ನೂ 9,000 ಷೇರು ಇದೆ. ಗುಂಪಿನವರು "ವಾಪಸ್ ಏರುತ್ತದೆ" ಅಂತ ಹೇಳುತ್ತಲೇ ಇದ್ದಾರೆ, ಅವನು ನಂಬಿಕೊಂಡಿದ್ದಾನೆ. ಇವತ್ತು ಅವನದು ಸೆಕೆಂಡ್ ಶಿಫ್ಟ್. ಬರುವುದು ಹನ್ನೊಂದೂವರೆಗೆ. ಊಟ ತೆಗೆದಿಟ್ಟು ಕಾಯುತ್ತಿದ್ದೇನೆ. ಆ 41, 33, 21, 9 ಇರುವ ಪುಟ ಫೋನ್‌ನಲ್ಲಿ ತೆರೆದೇ ಇಟ್ಟಿದ್ದೇನೆ.